ಕಡಲ ನೀರಿನ ಒಂದು ಬೂಷ್ಟು

ಪೆನಿಸಿಲಿನ್ನಿನ ಕಥೆ ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಅದರ ದಾಯಾದಿಯಾದ ಸೆಫಲೊಸ್ಪೊರಿನ್ನಿನ ಕಥೆಯನ್ನು ಬಲ್ಲವರು ವಿರಳ. ಆ ಬಳಗದ ಮಾತ್ರೆ ನುಂಗಿದವರು ಮಾತ್ರ ಮನೆಮನೆಯಲ್ಲಿಯೂ ಉಂಟು.

ಇಟಲಿಗೆ ಸೇರಿದ ಸಾರ್ಡೀನಿಯ ದ್ವೀಪದಲ್ಲಿ ಕಲ್ಯಾರಿ ಎಂಬ ರೇವುಪಟ್ಟಣವಿದೆ. 1945ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕ ಜ್ಯುಸೆಪ್ಪೆ ಬ್ರೋಟ್ಸು ಒಂದು ವಿಚಿತ್ರವನ್ನು ಗಮನಿಸಿದರು. ಊರಿನ ಚರಂಡಿ ಸೂ ಸಿಕ್ಕು ಎಂಬಲ್ಲಿ ಕಡಲನ್ನು ಸೇರುತ್ತಿತ್ತು. ಜನ ಆ ನೀರಿನಲ್ಲಿಯೇ ಈಜಾಡುತ್ತಿದ್ದರು. ಆದರೂ ವಿಷಮಶೀತಜ್ವರದ ಹಾವಳಿ ನಿರೀಕ್ಷಿಸಿದಷ್ಟು ಇರಲಿಲ್ಲ. ಹಾಗಾದರೆ ರೋಗಾಣುಗಳನ್ನು ಕೊಲ್ಲುವ ಬೇರೊಂದು ಜೀವಿ ಆ ನೀರಿನಲ್ಲಿ ಇರಬೇಡವೆ? ಹೀಗೆ ತರ್ಕಿಸಿ ಹುಡುಕಿದಾಗ ಅವರಿಗೆ ದೊರೆತದ್ದು ಸೆಫಲೊಸ್ಪೊರಿಯಮ್ ಎಂಬ ಜಾತಿಯ ಬೂಷ್ಟು. ಅದು ಕಡಲಿನದೇ ಅಥವಾ ನೆಲದಿಂದ ಚರಂಡಿಯೊಡನೆ ಹರಿದುಬಂದದ್ದೇ ಎಂದು ವಾದಿಸುವವರು ವಾದಿಸಲಿ, ಸಿಕ್ಕಿದ್ದಂತೂ ಕಡಲ ನೀರಿನಲ್ಲಿ.

ಬೂಷ್ಟಿನ ರಸವನ್ನು ಬ್ರೋಟ್ಸು ರೋಗಿಗಳಿಗೆ ಕೊಟ್ಟು ನೋಡಿದರು, ಗುಣ ಕಂಡಿತು. ಆದರೆ ಅದನ್ನು ಶುದ್ಧಗೊಳಿಸುವ ಸಲಕರಣೆ ಅವರಲ್ಲಿರಲಿಲ್ಲ. 1948ರಲ್ಲಿ ತಮ್ಮ ಸಂಸ್ಥೆಯ ಹೊತ್ತಗೆಯಲ್ಲಿಯೇ ವರದಿಯನ್ನು ಅಚ್ಚು ಹಾಕಿಸಿದರು. ದ್ವೀಪದ ಹೊರಗೆ ಅದನ್ನು ಓದುವವರು ಯಾರು? ಯುದ್ಧಕಾಲದಲ್ಲಿ ಸಾರ್ಡೀನಿಯದಲ್ಲಿದ್ದ ಬ್ಲೈತ್ ಬ್ರೂಕ್ ಎಂಬ ಆಂಗ್ಲ ವೈದ್ಯಾಧಿಕಾರಿಯ ಪರಿಚಯ ಒದಗದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತೆಂದು ನನ್ನ ಎಣಿಕೆ. ಅವರ ಮೂಲಕ ಆಕ್ಸ್‌ಫರ್ಡಿನ ಫ್ಲೋರಿಯವರಿಗೆ ಸುದ್ದಿ ಮುಟ್ಟಿತು. ಅದೇ ವರ್ಷ ಬೂಷ್ಟೂ ಅಲ್ಲಿಗೆ ಹೋಯಿತು.

ಆಕ್ಸ್‌ಫರ್ಡಿನಲ್ಲಿ ಎಡ್ವರ್ಡ್ ಏಬ್ರಹಾಂ ಮತ್ತು ಗೈ ನ್ಯೂಟನ್ ವರ್ಷಗಟ್ಟಲೆ ಅದರ ಬೆನ್ನು ಹತ್ತಿದರು. ವಿಷಮಶೀತಜ್ವರದ ರೋಗಾಣುವನ್ನು ತಡೆಯುತ್ತಿದ್ದ ವಸ್ತು ಪೆನಿಸಿಲಿನ್ನಿನದೇ ಒಂದು ಬಗೆಯೆಂದು ತಿಳಿಯಿತು. ಅದನ್ನು ಶೋಧಿಸುತ್ತಿರುವಾಗ, 1953ರಲ್ಲಿ, ಅದರೊಡನೆ ಬೆರೆತಿದ್ದ ಇನ್ನೊಂದು ವಸ್ತು ಕೈಗೆ ಬಂತು. ಅದಕ್ಕೆ ‘ಸೆಫಲೊಸ್ಪೊರಿನ್ ಸಿ’ ಎಂದು ಹೆಸರಿಟ್ಟರು. ಶಕ್ತಿ ಅತ್ಯಲ್ಪ, ಯಾರೂ ಅರಸಿ ಬಂದದ್ದಲ್ಲ. ಆದರೆ ಆ ವೇಳೆಗೆ ಆಸ್ಪತ್ರೆಗಳಲ್ಲಿ ಕೀವಿನ ರೋಗಾಣುಗಳು ಪೆನಿಸಿಲಿನ್ನನ್ನೇ ಕತ್ತರಿಸಿಹಾಕುವ ಕಿಣ್ವವೊಂದನ್ನು ಬಲ್ಲವಾಗಿದ್ದವು. 1940ರಲ್ಲಿ ಆ ಕಿಣ್ವವನ್ನು ಚೈನ್ ಅವರೊಡನೆ ಮೊದಲು ವರ್ಣಿಸಿದವರೂ ಇದೇ ಏಬ್ರಹಾಂ! ಅದರ ಹೊಡೆತಕ್ಕೆ ಈ ದುರ್ಬಲ ವಸ್ತು ಜಗ್ಗಲಿಲ್ಲ. ಪೆನಿಸಿಲಿನ್ನಿನಲ್ಲಿ ನಾಲ್ಕು ಪರಮಾಣುಗಳ ಬಳೆಗೆ ಐದರ ಬಳೆ ಅಂಟಿದ್ದರೆ, ಇಲ್ಲಿ ಅಂಟಿದ್ದುದು ಆರರ ಬಳೆ. ಡರಥಿ ಹಾಜ್‌ಕಿನ್ ಅವರ ಎಕ್ಸ್-ರೇ ಪರೀಕ್ಷೆ 1961ರಲ್ಲಿ ಇದನ್ನು ಸ್ಥಿರಪಡಿಸಿತು. ಮೂಲವಸ್ತುವಿನ ಪಾರ್ಶ್ವವನ್ನು ಬದಲಿಸಿ ಬಲಪಡಿಸಿದ ಸೆಫಲೋಥಿನ್ 1964ರಲ್ಲಿ ಮಾರುಕಟ್ಟೆಗೆ ಬಂತು.

ಅಷ್ಟರಲ್ಲಿ ಬ್ರೋಟ್ಸು ಪ್ರಯೋಗಶಾಲೆಯಿಂದ ರಾಜಕಾರಣಕ್ಕೆ ಹೋಗಿ, ಕಲ್ಯಾರಿ ನಗರದ ಮೇಯರ್ ಆಗಿದ್ದರು. 1976ರಲ್ಲಿ ತೀರಿಕೊಂಡರು. ಅವರು ಬೆನ್ನಟ್ಟಿದ್ದ ವಿಷಮಶೀತಜ್ವರಕ್ಕೆ ಇಂದು ನಮ್ಮ ಆಸ್ಪತ್ರೆಗಳಲ್ಲಿ ಚುಚ್ಚುವ ಸೆಫ್ಟ್ರಿಯಾಕ್ಸೋನ್, ಆ ದುರ್ಬಲ ‘ಸಿ’ಯ ವಂಶದ್ದೇ.