ಕುಡುಕನನ್ನು ಹುಡುಕಿದ ಕುಡುಕ

1935ರ ಮೇ 11, ಶನಿವಾರ. ಅಮೆರಿಕದ ಒಹಾಯೊ ರಾಜ್ಯದ ಆಕ್ರನ್, ಟೈರು ಕಾರ್ಖಾನೆಗಳ ಊರು. ಅಲ್ಲಿನ ಮೇಫ್ಲವರ್ ಹೋಟೆಲಿನ ಲಾಬಿಯಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ಅತ್ತಿಂದಿತ್ತ ಓಡಾಡುತ್ತಿದ್ದ. ಷೇರು ವ್ಯವಹಾರದವನು. ಒಂದು ಕಂಪನಿಯ ಹಿಡಿತಕ್ಕಾಗಿ ನಡೆದ ಪೈಪೋಟಿಯಲ್ಲಿ ಸೋತು ಕೈ ಖಾಲಿ ಮಾಡಿಕೊಂಡಿದ್ದ. ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಲಾಬಿಯ ಒಂದು ಕಡೆ ಬಾರು, ಅಲ್ಲಿಂದ ನಗು, ಮಾತು. ಇನ್ನೊಂದು ಕಡೆ ಟೆಲಿಫೋನು, ಪಕ್ಕದಲ್ಲಿ ಊರಿನ ಚರ್ಚುಗಳ ಪಟ್ಟಿ.

ಬಿಲ್ ಫೋನಿನತ್ತ ಹೋದ. ಪಟ್ಟಿಯಲ್ಲಿದ್ದ ಒಬ್ಬ ಪಾದ್ರಿಗೆ ಕರೆಮಾಡಿ, ತನಗೆ ಮಾತಾಡಲು ಇನ್ನೊಬ್ಬ ಕುಡುಕ ಬೇಕು ಎಂದ. ಪಾದ್ರಿ ಕೊಟ್ಟ ಹೆಸರುಗಳಿಗೆಲ್ಲ ಒಂದೊಂದಾಗಿ ಫೋನು ಮಾಡಿ ಕೊನೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆಯನ್ನು ಮುಟ್ಟಿದ. ಮರುದಿನ ಸಂಜೆ ಆಕೆಯ ಮನೆಯಲ್ಲಿ ಡಾಕ್ಟರ್ ಬಾಬ್ ಸ್ಮಿತ್ ಸಿಕ್ಕ. ಶಸ್ತ್ರಚಿಕಿತ್ಸೆ ಮಾಡುವ ವೈದ್ಯ, ಆದರೆ ಕುಡಿತ ಅವನನ್ನು ನುಂಗಿತ್ತು. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ ಎಂದು ಷರತ್ತು ಹಾಕಿ ಬಂದವನು ರಾತ್ರಿ ಹನ್ನೊಂದು ದಾಟುವವರೆಗೂ ಕೂತ.

ಅಷ್ಟು ಹೊತ್ತು ಅವನನ್ನು ಕೂರಿಸಿದ್ದು ಉಪದೇಶವಲ್ಲ. ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಬಿಲ್ ನ್ಯೂಯಾರ್ಕಿನಲ್ಲಿ ಸಿಕ್ಕಸಿಕ್ಕ ಕುಡುಕರಿಗೆ ಬೋಧನೆ ಮಾಡಿದ್ದ. ಕೇಳಿದವರಲ್ಲಿ ಒಬ್ಬನೂ ಬಿಡಲಿಲ್ಲ, ಹೇಳಿದವನು ಮಾತ್ರ ಕುಡಿಯದೆ ಉಳಿದ. ಈ ಸಲ ಅವನು ತನ್ನ ಕಥೆಯನ್ನಷ್ಟೇ ಹೇಳಿಕೊಂಡ. ಡಾಕ್ಟರು ನಡುವೆ ಒಮ್ಮೆ ಜಾರಿದ. ಜೂನ್ 10ರಂದು ಕೊನೆಯ ಬಾರಿ ಕುಡಿದ. ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಅಥವಾ ‘ಎ.ಎ.’ ಹುಟ್ಟಿದ ದಿನವೆಂದು ಅದನ್ನೇ ಎಣಿಸುತ್ತಾರೆ. ಒಂದು ಸಂಸ್ಥೆಗೆ ಇಂಥ ಜನ್ಮದಿನ ಬೇರೆಲ್ಲೂ ಇರಲಾರದು.

ಸಂಘ ಬೆಳೆದಂತೆ ಒಂದು ತೊಡಕು ಎದುರಾಯಿತು. ಸದಸ್ಯರು ಹೆಸರು ಮರೆಸಿಕೊಂಡವರು, ಹುಡುಕುವವರು ನಾಚಿಕೆಯಿಂದ ಮುಖ ಮರೆಸಿಕೊಂಡವರು. ಇಬ್ಬರೂ ಸಂಧಿಸುವುದು ಹೇಗೆ? ದಾರಿ ಮಾಡಿಕೊಟ್ಟಿದ್ದು ಪತ್ರಿಕೆಗಳು. 1939ರಲ್ಲಿ ಕ್ಲೀವ್‌ಲ್ಯಾಂಡಿನ ದಿನಪತ್ರಿಕೆಯೊಂದು ಲೇಖನಮಾಲೆ ಪ್ರಕಟಿಸಿದಾಗ ಅಲ್ಲಿನ ಸಣ್ಣ ಗುಂಪಿನ ಮೇಲೆ ನೂರಾರು ಕರೆಗಳು ಸುರಿದವು. ಬಿಟ್ಟು ಕೆಲವೇ ವಾರಗಳಾದವರನ್ನೂ ಹೊಸಬರ ಮನೆಗೆ ಓಡಿಸಬೇಕಾಯಿತು. 1941ರ ಮಾರ್ಚಿನಲ್ಲಿ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ವಾರಪತ್ರಿಕೆಯಲ್ಲಿ ಜ್ಯಾಕ್ ಅಲೆಕ್ಸಾಂಡರ್ ಬರೆದ ಮೇಲೆ ಸುಮಾರು 2,000 ಇದ್ದ ಸದಸ್ಯರು ವರ್ಷದ ಕೊನೆಗೆ 8,000 ಆದರು. ನ್ಯೂಯಾರ್ಕಿನ ಒಂದು ಅಂಚೆಪೆಟ್ಟಿಗೆಗೆ ಪತ್ರ ಹಾಕಿದರೆ ಸಾಕು, ಹತ್ತಿರದ ಸದಸ್ಯನಿಗೆ ಸುದ್ದಿ ಮುಟ್ಟುತ್ತಿತ್ತು. ಗಂಡಂದಿರು ಒಳಗೆ ಕೂತಾಗ ಹೊರಗೆ ಕಾಯುತ್ತಿದ್ದ ಹೆಂಡಂದಿರಿಗೂ ಹೇಳಿಕೊಳ್ಳಲು ಬೇಕಾದಷ್ಟಿತ್ತು. ಅವರ ‘ಅಲ್-ಅನಾನ್’ 1951ರಲ್ಲಿ ರೂಪುಗೊಂಡಿತು.

ಭಾರತದಲ್ಲಿ ಎ.ಎ. ತನ್ನ ಆರಂಭವನ್ನು 1957ರ ಮೇ ತಿಂಗಳ ಮುಂಬಯಿಯಿಂದ ಎಣಿಸುತ್ತದೆ. ಆಗಿನ ಮುಂಬಯಿ ಯಾವುದು ಎಂಬುದನ್ನು ನೆನೆಯಬೇಕು. 1949ರ ಪಾನನಿಷೇಧ ಕಾಯ್ದೆ ಜಾರಿಯಲ್ಲಿತ್ತು. ಪರ್ಮಿಟ್ ಇಲ್ಲದೆ ಕುಡಿದವನು ಅಪರಾಧಿ. ಹಾಗಿರುವಾಗ ನಾಲ್ಕು ಜನರ ಮುಂದೆ ನಾನು ಕುಡುಕ ಎನ್ನುವವನಿಗೆ ನಾಚಿಕೆಯ ಜತೆಗೆ ಪೊಲೀಸರ ಭಯವೂ ಇರಲು ಸಾಧ್ಯವಿತ್ತು. ಹೆಸರು ಹೇಳದಿರುವ ರೂಢಿಗೆ ಅಮೆರಿಕದಲ್ಲಿ ಇರದಿದ್ದ ಅರ್ಥವೊಂದು ಇಲ್ಲಿ ಸೇರಿಕೊಂಡಿತು.

ನಮ್ಮಲ್ಲಿ ಹೆಸರಿಗೆ ಬಾಲವೂ ಇದೆಯಲ್ಲ. ಹೊರನಾಡಿನಲ್ಲಿ ಇಬ್ಬರು ಕನ್ನಡಿಗರು ಭೇಟಿಯಾದರೆ ಎರಡನೆಯ ಮಾತೇ ‘ನಿಮ್ಮದು ಯಾವ ಊರು?’, ಮೂರನೆಯದು ‘ಯಾರ ಪೈಕಿ?’. ಅಡ್ಡಹೆಸರಿನಲ್ಲಿ ಜಾತಿ, ಜಿಲ್ಲೆ ಎರಡೂ ಸಿಗುತ್ತವೆ. ಎ.ಎ. ಸಭೆಯಲ್ಲಿ ಬರಿಯ ಹೆಸರಷ್ಟೇ ಸಾಕು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಅಡ್ಡ ಬಾಯಿ ಹಾಕುವಂತಿಲ್ಲ. ಶುಲ್ಕವಿಲ್ಲ, ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ. ಬಿಡಬೇಕೆಂಬ ಆಸೆಯೊಂದೇ ಅರ್ಹತೆ. ‘ಓಪನ್’ ಸಭೆಗೆ ಮನೆಯವರೂ ಬರಬಹುದು, ‘ಕ್ಲೋಸ್ಡ್’ ಸಭೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಮೊದಲ ದಿನ ಬಾಯಿ ಬಿಡದೆ ಕೂತು ಎದ್ದು ಬಂದರೂ ನಡೆಯುತ್ತದೆ. ಕಷ್ಟ ಇರುವುದು ಭಾಷೆಯದು. ಆಫೀಸಿನ ಇಂಗ್ಲಿಷಿನಲ್ಲೋ ಬಜಾರಿನ ಹಿಂದಿಯಲ್ಲೋ ದಿನ ದೂಡುವವನಿಗೆ ಅಪ್ಪ ಕುಡಿದು ಬಂದ ರಾತ್ರಿಗಳನ್ನು ಆ ಭಾಷೆಯಲ್ಲಿ ಹೇಳಲು ಬರುವುದಿಲ್ಲ.

ಹಳ್ಳಿಯಲ್ಲಿ ಈ ಗುಟ್ಟು ನಡೆಯದು. ಯಾರು ಎಲ್ಲಿ ಬಿದ್ದಿದ್ದರೆಂದು ಬೆಳಗಾಗುವುದರೊಳಗೆ ಎಲ್ಲರಿಗೂ ಗೊತ್ತು. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆ ಕರ್ನಾಟಕದ ಊರೂರುಗಳಲ್ಲಿ ನಡೆಸುತ್ತ ಬಂದಿರುವ ಮದ್ಯವರ್ಜನ ಶಿಬಿರಗಳು ಆ ಗೊತ್ತಿರುವಿಕೆಯನ್ನೇ ಬಂಡವಾಳ ಮಾಡಿಕೊಂಡವು. ಶಿಬಿರ ನಡೆಯುವುದು ಊರವರ ಕಣ್ಣೆದುರೇ, ಅದರಲ್ಲಿ ಮನೆಯವರಿಗೂ ಪಾಲುಂಟು. ಮುಗಿಸಿ ಬಂದವರು ‘ನವಜೀವನ ಸಮಿತಿ’ ಎಂಬ ಗುಂಪು ಕಟ್ಟಿಕೊಂಡು ಆಗಾಗ ಸೇರುತ್ತಾರೆ. ಅಲ್ಲಿ ಯಾರೂ ಅನಾಮಿಕರಲ್ಲ. ಸದಸ್ಯನೊಬ್ಬ ಸಭೆಗೆ ಬರದಿದ್ದರೆ ಅವನ ಮನೆ ಎಲ್ಲಿದೆ ಎಂದು ಉಳಿದವರು ಯಾರನ್ನೂ ಕೇಳಬೇಕಾಗಿಲ್ಲ.