ಬಚ್ಚಲೊಲೆಯ ಮುಂದಿನ ಜಾಗ

ಡಿಸೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ಫ್ಯಾನಿನ ಜಗಳ ಶುರುವಾಗುತ್ತದೆ. ಇವರಿಗೆ ಮೈಗೆ ಗಾಳಿ ತಾಗದಿದ್ದರೆ ನಿದ್ದೆ ಹತ್ತದು. ನನಗೆ ಅದೇ ಗಾಳಿಗೆ ಮಂಡಿ ಹಿಡಿದುಕೊಳ್ಳುತ್ತದೆ. "ಸೊಳ್ಳೆ ಕಣೇ" ಎಂದು ಇವರು ನಾಲ್ಕಕ್ಕೆ ತಿರುಗಿಸುತ್ತಾರೆ. "ಸೊಳ್ಳೆಗೆ ಪರದೆ ಕಟ್ಟಿದೆಯಲ್ಲ" ಎಂದು ನಾನು ಎರಡಕ್ಕೆ ಇಳಿಸುತ್ತೇನೆ. ಸ್ವೆಟರು, ಕಾಲುಚೀಲ, ಕಿವಿಗೆ ಸ್ಕಾರ್ಫು ಎಲ್ಲ ಏರಿಸಿಕೊಂಡು ಮಲಗಲು ಬಂದವಳನ್ನು ನೋಡಿ "ಬದರಿಗೆ ಹೊರಟೆಯೇನು?" ಎಂದು ನಗುತ್ತಾರೆ. ಶಿವಮೊಗ್ಗದ ಚಳಿ ಅಷ್ಟೇನೂ ದೊಡ್ಡದಲ್ಲ ಎಂದು ನನಗೂ ಗೊತ್ತು. ಆದರೆ ಚಳಿಯಾಗುವುದು ಊರಿಗಲ್ಲವಲ್ಲ, ಮೈಗೆ.

ಮೂವತ್ತು ವರ್ಷ ಮಕ್ಕಳಿಗೆ ಸಮಾಜ ಪಾಠ ಹೇಳಿದವಳು ನಾನು. ಪುಸ್ತಕಗಳಲ್ಲಿ 'ಜನರ ಉಡುಗೆ ತೊಡುಗೆ' ಎಂದು ಒಂದು ಪ್ಯಾರಾ ಇರುತ್ತದೆ. ಚಳಿಪ್ರದೇಶದವರು ಉಣ್ಣೆಬಟ್ಟೆ ತೊಡುತ್ತಾರೆ ಎಂದು ಬರೆದರೆ ಒಂದು ಅಂಕ. ಒಂದೇ ಸೂರಿನಡಿಯಲ್ಲಿ ಯಾರು ಎಷ್ಟು ಬೆಚ್ಚಗಿದ್ದರು, ಬೆಂಕಿಯ ಹತ್ತಿರ ಕೂರುವ ಹಕ್ಕು ಯಾರದಾಗಿತ್ತು ಎಂಬ ಪ್ರಶ್ನೆಯನ್ನು ಯಾವ ಪ್ರಶ್ನೆಪತ್ರಿಕೆಯಲ್ಲೂ ನಾನು ಕಂಡಿಲ್ಲ. ನಾನಾದರೂ ಕೇಳಿದ್ದುಂಟೇ? ಇಲ್ಲ. ಫ್ಯಾನಿನ ಜಗಳದ ಮಧ್ಯೆ ಒಂದು ರಾತ್ರಿ ನಮ್ಮ ಮಡಿಯಜ್ಜಿ ನೆನಪಾದಳು, ಅಷ್ಟೆ.

ನನ್ನ ತವರು ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ಮನೆ. ದಪ್ಪ ಮಣ್ಣಿನ ಗೋಡೆ, ಅಂಗೈಯಗಲದ ಕಿಟಕಿಗಳು, ಒಳಗೆ ಸದಾ ಕತ್ತಲು. ಧನುರ್ಮಾಸದ ಬೆಳಗಿನಲ್ಲಿ ತೋಟದಿಂದ ಮಂಜು ಎದ್ದು ಜಗುಲಿಯವರೆಗೂ ಬರುತ್ತಿತ್ತು. ಅಂಥ ಮನೆಯಲ್ಲಿ ಬೆಂಕಿ ಇದ್ದದ್ದು ಎರಡು ಕಡೆ: ಅಡಿಗೆಮನೆಯಲ್ಲಿ ಮತ್ತು ಬಚ್ಚಲಲ್ಲಿ. ಅಂಗಳದಲ್ಲಿ ಅಡಿಕೆ ಬೇಯಿಸುವ ದೊಡ್ಡ ಒಲೆಯೊಂದಿತ್ತು, ಅದು ಸುಗ್ಗಿಯ ಕಾಲಕ್ಕೆ ಮಾತ್ರ. ಕಂಬಳಿಕೊಪ್ಪೆ ಹಾಕಿಕೊಂಡು ಬರುತ್ತಿದ್ದ ಆಳುಗಳಿಗೆ ಚಳಿ ಕಾಯಿಸಿಕೊಳ್ಳಲು ಇದ್ದದ್ದು ಅದೊಂದೇ ಒಲೆ. ಒಳಗಿನ ಬೆಂಕಿಯ ಹತ್ತಿರ ಅವರನ್ನು ಯಾರೂ ಕರೆಯುತ್ತಿರಲಿಲ್ಲ.

ಬಚ್ಚಲೊಲೆಯ ಸುಖ ಅನುಭವಿಸಿದವರಿಗೇ ಗೊತ್ತು. ಗೋಡೆಗೆ ಕೂರಿಸಿದ ದೊಡ್ಡ ತಾಮ್ರದ ಹಂಡೆ, ಅಡಿಯಲ್ಲಿ ಒಣಗಿದ ಸೋಗೆ, ತೆಂಗಿನ ಗರಿ, ಕುಂಟೆ ಕಟ್ಟಿಗೆ. ಅದರ ಮುಂದೆ ಒಂದು ಮಣೆ. ಆ ಮಣೆ ಅಜ್ಜಯ್ಯನದು. ಬೆಳಗಿನ ಜಾವ ಎದ್ದು ಕಿವಿಗೆ ಮಫ್ಲರ್ ಸುತ್ತಿ ಅವರು ಅಲ್ಲಿ ಕೂತರೆಂದರೆ ನೀರು ಕಾಯುವವರೆಗೆ ಏಳುತ್ತಿರಲಿಲ್ಲ. ಅವರ ನಂತರ ಅಪ್ಪ, ಚಿಕ್ಕಪ್ಪಂದಿರು, ಗಂಡುಹುಡುಗರು. ಹೆಂಗಸರು ಬೆಂಕಿ ಹೊತ್ತಿಸಿ, ನೀರು ಸೇದಿ ತುಂಬಿ, ಹೊರಟುಬಿಡುತ್ತಿದ್ದರು. ಅಲ್ಲಿ ಕೂತು ಕೈ ಕಾಯಿಸಿಕೊಂಡ ಸೊಸೆಯನ್ನು ನಾನು ನೋಡಿಲ್ಲ. "ಅಡಿಗೆಮನೆಯಲ್ಲಿ ಬೆಂಕಿ ಇದೆಯಲ್ಲ, ನಿಮಗೆಂಥ ಚಳಿ?" ಎನ್ನುವುದು ಗಂಡಸರ ಮಾತು. ಇತ್ತು ನಿಜ, ಹೊಗೆಯೂ ಇತ್ತು. ಮುಂಭಾಗ ಬೆಂದು ಬೆನ್ನು ಕೊರೆಯುವ ಬೆಂಕಿ ಅದು.

ಹೆಂಗಸರಿಗೆ ಬೆಚ್ಚಗಿರುವ ಹಕ್ಕು ಸಿಗುತ್ತಿದ್ದದ್ದು ಒಂದೇ ಸಂದರ್ಭದಲ್ಲಿ, ಬಾಣಂತನದಲ್ಲಿ. ಆಗ ಕತ್ತಲಕೋಣೆಯ ಮಂಚದಡಿ ಅಗ್ಗಿಷ್ಟಿಕೆಯಲ್ಲಿ ಕೆಂಡ, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಿಗಿಯಾದ ಬಟ್ಟೆ, ಮೈತುಂಬ ಕಂಬಳಿ. ಬಾಣಂತಿಗೆ ಶೀತವಾದರೆ ಮಗುವಿಗೂ ಶೀತ ಎಂಬ ಹೆದರಿಕೆ. ಅಮ್ಮ ಐದು ಹೆತ್ತವಳು. "ನಾನು ಹೊಟ್ಟೆತುಂಬ ಬೆಚ್ಚಗೆ ಮಲಗಿದ್ದು ಐದು ಸಲ ಕಣೇ" ಎಂದು ನಗುತ್ತಾ ಹೇಳುತ್ತಿದ್ದಳು.

ಮಡಿಯಜ್ಜಿಗೆ ಆ ಒಂದು ಸಲವೂ ಇರಲಿಲ್ಲ. ಅವಳು ಅಜ್ಜಯ್ಯನ ಅಕ್ಕ. 1905ರಲ್ಲಿ ಹುಟ್ಟಿ, ಒಂಬತ್ತಕ್ಕೆ ಮದುವೆಯಾಗಿ, ಹನ್ನೆರಡಕ್ಕೆ ತವರಿಗೆ ಮರಳಿದವಳು. ಪಾಠ ಮಾಡುವಾಗ ನನಗೆ ಒಂದು ವಿಷಯ ತಿಳಿಯಿತು. ಮೈಸೂರು ಸಂಸ್ಥಾನ 1894ರಲ್ಲೇ ಬಾಲ್ಯವಿವಾಹ ತಡೆಯುವ ಕಾಯಿದೆ ತಂದಿತ್ತು. ಅದಕ್ಕಾಗಿ ನಾವು ಹೆಮ್ಮೆಪಡುತ್ತೇವೆ. ಆದರೆ ಅದು ನಿಷೇಧಿಸಿದ್ದು ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನು. ಹೆಣ್ಣಿಗೆ ಹದಿನಾಲ್ಕಾದರೂ ಆಗಬೇಕು ಎಂದ ಶಾರದಾ ಕಾಯಿದೆ ಬಂದದ್ದು 1929ರಲ್ಲಿ. ಹಾಗಾಗಿ ನಮ್ಮ ಮಡಿಯಜ್ಜಿಯ ಮದುವೆ ಪೂರಾ ಕಾನೂನುಬದ್ಧ.

ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' 1976ರಲ್ಲಿ ಬಂದ ಮೇಲೆ ಇಂಥ ಅಜ್ಜಿಯರ ಬಾಳು ಎಂಥದ್ದೆಂದು ಎಲ್ಲರಿಗೂ ಗೊತ್ತಾಯಿತು, ಅದನ್ನೆಲ್ಲ ನಾನು ವಿವರಿಸಬೇಕಿಲ್ಲ. ನಾನು ಹೇಳಹೊರಟದ್ದು ಚಳಿಯ ವಿಷಯ ಮಾತ್ರ. ಬೋಳಿಸಿದ ತಲೆ, ಅದರ ಮೇಲೆ ಕೆಂಪು ನೂಲಿನ ಸೀರೆಯ ಸೆರಗು, ಕುಪ್ಪಸವಿಲ್ಲ. ನಾಲ್ಕು ಗಂಟೆಗೆ ಬಾವಿಕಟ್ಟೆಯಲ್ಲಿ ತಣ್ಣೀರು. ಹಿಂದಿನ ದಿನ ಗಳದ ಮೇಲೆ ಹರವಿದ ಸೀರೆ ಮಂಜಿಗೆ ತೇವವಾಗಿಯೇ ಇರುತ್ತಿತ್ತು. ಅದನ್ನೇ ಉಟ್ಟು ಮೈಮೇಲೆ ಒಣಗಿಸಿಕೊಳ್ಳುವುದು. ನೂಲಿನ ಬಟ್ಟೆ ಒಗೆದು ಯಾರೂ ಮುಟ್ಟದಂತೆ ಒಣಗಿಸಿದರೆ ಮಾತ್ರ ಮಡಿ. ಉಣ್ಣೆ, ರೇಷ್ಮೆಗಳಿಗೆ ಈ ಕಟ್ಟು ಇಲ್ಲ. ಅದಕ್ಕೇ ಹಿಂದಿನವರು ಧಾಬಳಿ ಇಟ್ಟುಕೊಳ್ಳುತ್ತಿದ್ದರು, ಉಣ್ಣೆಯ ಮಡಿವಸ್ತ್ರ. ನಮ್ಮ ಮನೆಯಲ್ಲೂ ಒಂದು ಧಾಬಳಿ ಇತ್ತು. ಬೆಳಗ್ಗೆ ಅದು ಅಜ್ಜಯ್ಯನ ಪೂಜೆಗೆ ಬೇಕಿತ್ತು.

1983ರಲ್ಲಿ ನಾನು ಒಂಬತ್ತನೇ ತರಗತಿ. ಶಾಲೆಯ ಹೊಲಿಗೆ ಟೀಚರ್ ನಮಗೆ ಸ್ವೆಟರ್ ಹೆಣೆಯಲು ಕಲಿಸಿದ್ದರು. ಮೊದಲ ಸ್ವೆಟರು ಮಡಿಯಜ್ಜಿಗೆ ಎಂದು ನಾನೇ ತೀರ್ಮಾನಿಸಿ, ಬೂದಿ ಬಣ್ಣದ ಉಲ್ಲನ್ ತಂದು, ಎರಡು ತಿಂಗಳು ಕೂತು ಮುಗಿಸಿದೆ. ಅಜ್ಜಯ್ಯ ನೋಡಿದ್ದೇ "ಹೊಲಿದದ್ದು ಮಡಿಗೆ ಬಾರದು" ಎಂದುಬಿಟ್ಟರು. ನಾನು ಅಳುಮುಖ ಮಾಡಿದೆ. ಮಡಿಯಜ್ಜಿ ಮಾತ್ರ ಸುಮ್ಮನಾಗಲಿಲ್ಲ.

"ಧಾಬಳಿ ಎಂಥದ್ರದ್ದೋ ಮಾಣಿ?"

"ಉಣ್ಣೆಯದು."

"ಇದು?"

"ಉಣ್ಣೆಯೇ ಇರಬಹುದು. ಆದರೆ ಪಕ್ಕಕ್ಕೆ ಹೊಲಿಗೆ ಬಿದ್ದಿದೆಯಲ್ಲಕ್ಕಾ."

ಎಪ್ಪತ್ತನಾಲ್ಕರ ಅಜ್ಜಯ್ಯನನ್ನು ಮಾಣಿ ಎಂದು ಕರೆಯಬಲ್ಲವಳು ಅವಳೊಬ್ಬಳೇ. ಸ್ವೆಟರನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅಂಚಿನ ಒಂದೆಳೆ ದಾರ ಕಿತ್ತು ದೀಪಕ್ಕೆ ಹಿಡಿದಳು. ದಾರ ಉರಿದು, ಮುದುಡಿ, ಕಪ್ಪು ಗಟ್ಟಿ ಮಣಿಯಾಗಿ ನಿಂತಿತು. ಆಮೇಲೆ ತನ್ನ ಕಂಬಳಿಯ ಎಳೆಯೊಂದನ್ನು ಹಿಡಿದಳು. ಅದು ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಪುಡಿಯಾಯಿತು. "ಹೊಲಿಗೆ ಹಾಗಿರಲಿ ಕೂಸೇ, ಇದು ಕುರಿಯ ಮೈಯದ್ದೇ ಅಲ್ಲ. ಅಂಗಡಿಯವನು ಟೋಪಿ ಹಾಕಿದಾನೆ" ಎಂದಳು. ಆ ಕಾಲದಲ್ಲಿ ಉಲ್ಲನ್ ಎಂದು ಪೇಟೆಯಲ್ಲಿ ಮಾರುತ್ತಿದ್ದದ್ದರಲ್ಲಿ ಬಹುಪಾಲು ಕಾರ್ಖಾನೆಯ ಕೃತಕ ನೂಲು, ಅಕ್ರಿಲಿಕ್. ಅಂಗಡಿಯವನಿಗೂ ಅದು ಗೊತ್ತಿತ್ತೋ ಇಲ್ಲವೋ. ಉರಿಸಿ ನೋಡುವ ಈ ಪರೀಕ್ಷೆಯನ್ನು ಮುಂದೆ ನಮ್ಮ ಶಾಲೆಯ ವಿಜ್ಞಾನದ ಪಾಠದಲ್ಲಿ ಕಂಡಾಗ ನಾನು ತರಗತಿಯಲ್ಲೇ ನಕ್ಕಿದ್ದೆ.

ಅಪ್ಪ ಶಿವಮೊಗ್ಗಕ್ಕೆ ಹೋದಾಗ ಹುಡುಕಿ ನಿಜವಾದ ಉಣ್ಣೆದಾರ ತಂದರು. ಅಪ್ಪ ಹಾಗೆ ತಂದದ್ದೇ ನನಗೆ ಆಶ್ಚರ್ಯ. ಅಜ್ಜಯ್ಯನೆದುರು ಅವರು ಒಂದು ಮಾತೂ ಆಡಿರಲಿಲ್ಲ. ಇನ್ನುಳಿದದ್ದು ಹೊಲಿಗೆಯ ಸಮಸ್ಯೆ. ಹೊಲಿಗೆ ಟೀಚರ್ ಹತ್ತಿರ ಎರಡು ಕಡ್ಡಿಗಳನ್ನು ತಂತಿಯಿಂದ ಜೋಡಿಸಿದ ಒಂದು ಸಾಧನವಿತ್ತು. ಅದರಲ್ಲಿ ಮುಂಭಾಗ ಹಿಂಭಾಗ ಎಂದಿಲ್ಲದೆ ಕೊಳವೆಯ ಹಾಗೆ ಸುತ್ತಲೂ ಹೆಣೆದುಕೊಂಡು ಹೋಗಬಹುದು. ಕಂಕುಳವರೆಗೆ ಹಾಗೇ ಬಂದೆ. ಭುಜದಲ್ಲಿ ಎರಡೂ ಕಡೆಯ ಕುಣಿಕೆಗಳನ್ನು ಒಟ್ಟಿಗೆ ಹೆಣೆದು ಮುಚ್ಚುವುದನ್ನು ಟೀಚರ್ ತೋರಿಸಿಕೊಟ್ಟರು. ತೋಳಿಲ್ಲದ, ಗುಂಡಿಯಿಲ್ಲದ, ಸೂಜಿಯೇ ತಾಗದ ಒಂದು ಚೀಲ, ಅಷ್ಟೆ. ಚೆಂದವೇನೂ ಇರಲಿಲ್ಲ.

ಮಡಿಯಜ್ಜಿ ಅದನ್ನು ಅಜ್ಜಯ್ಯನ ಮುಂದೆ ಹರವಿ, "ಹೊಲಿಗೆ ಎಲ್ಲಿದೆ ತೋರಿಸು ಮಾಣಿ" ಎಂದಳು. ಅಜ್ಜಯ್ಯ ಕನ್ನಡಕ ಏರಿಸಿ ಒಳಗೂ ಹೊರಗೂ ನೋಡಿದರು. ಬಹಳ ಹೊತ್ತು ನೋಡಿದರು. "ನಿನ್ನಿಷ್ಟ ಅಕ್ಕಾ" ಎಂದು ಬಚ್ಚಲಿಗೆ ಎದ್ದುಹೋದರು. ಒಪ್ಪಿದೆ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಎಪ್ಪತ್ತೆಂಟನೆಯ ವಯಸ್ಸಿಗೆ ಅವಳು ಮೊದಲ ಬಾರಿ ಎದೆ ಬೆನ್ನು ಮುಚ್ಚುವಂಥದ್ದು ತೊಟ್ಟಳು, ಸೀರೆಯ ಒಳಗೆ, ಯಾರಿಗೂ ಕಾಣದಂತೆ. ಉಳಿದ ದಾರದಲ್ಲಿ ಒಂದು ಟೋಪಿ ಹೆಣೆದುಕೊಟ್ಟೆ. ಅದನ್ನು ಹಗಲು ಎಂದೂ ಹಾಕಲಿಲ್ಲ. ರಾತ್ರಿ ಅಡಿಗೆಮನೆಯ ಒಲೆ ಸಾರಿಸಿ, ಕೆಂಡಕ್ಕೆ ಬೂದಿ ಮುಚ್ಚಿ, ನಡುಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡ ಮೇಲೆ ಹಾಕಿಕೊಳ್ಳುತ್ತಿದ್ದಳು. ಮೂರು ಚಳಿಗಾಲ ಆ ಸ್ವೆಟರು ತೊಟ್ಟಳು. 1986ರ ಬೇಸಿಗೆಯಲ್ಲಿ ತೀರಿಕೊಂಡಳು.

ಅವಳ ಕೈಯಲ್ಲಿ ಉಪಾಯವಿತ್ತು, ನಿಜ. ಆದರೆ ಎಪ್ಪತ್ತೆಂಟು ವರ್ಷದ ಹೆಂಗಸು ಬೆಚ್ಚಗಿರಲು ಇಷ್ಟು ತರ್ಕ ಮಾಡಬೇಕಾಯಿತಲ್ಲ ಎಂದು ನನಗೆ ಈಗ ಸಿಟ್ಟು ಬರುತ್ತದೆ. ಆಗ ಬಂದಿರಲಿಲ್ಲ. ಆಗ ನನಗೆ ಆಟದಲ್ಲಿ ಗೆದ್ದ ಹಾಗಾಗಿತ್ತು.

ಅವಳು ಹೋದ ಮೇಲೆ ಮನೆಗೆ 'ಅಸ್ತ್ರ ಒಲೆ' ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ಆರಂಭವಾದ 'ಅಸ್ತ್ರ' ಎಂಬ ವಿಭಾಗದವರು ರೂಪಿಸಿದ ಒಲೆ. ಬೆಂಕಿ ಪೂರ್ತಿ ಒಳಗೆ, ಮೇಲೆ ಮೂರು ಪಾತ್ರೆಗೆ ಜಾಗ, ಹೊಗೆ ಕೊಳವೆಯಲ್ಲಿ ಹೊರಗೆ. ಅಮ್ಮನ ಕಣ್ಣುರಿ ಹೋಯಿತು, ಸೌದೆ ಉಳಿಯಿತು. ಆದರೆ ಮೊದಲ ಚಳಿಗಾಲದಲ್ಲೇ ಮನೆಯಲ್ಲಿ ತಕರಾರು ಎದ್ದಿತು: "ಅಡಿಗೆಮನೆಗೆ ಜೀವವೇ ಇಲ್ಲ, ಬೆಂಕಿ ಕಾಣುವುದೇ ಇಲ್ಲ, ತಣ್ಣಗಿದೆ." ಹೇಳಿದವರು ಅಜ್ಜಯ್ಯ. ಅವರು ಅಡಿಗೆಮನೆಯೊಳಗೆ ಕೂತದ್ದು ಊಟದ ಹೊತ್ತಿಗೆ ಮಾತ್ರ.

ಇದು ನಮ್ಮ ಮನೆಯದೊಂದೇ ಕಥೆಯಲ್ಲ ಎಂದು ಆಮೇಲೆ ಓದಿ ತಿಳಿದೆ. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್, ಅದೇ ಮಿಂಚಿಗೆ ಗಾಳಿಪಟ ಹಾರಿಸಿದವನೆಂದು ಮಕ್ಕಳಿಗೆ ಹೇಳುತ್ತೇವಲ್ಲ, ಆತ ಕಬ್ಬಿಣದ ಹೊಸ ಬಗೆಯ ಅಗ್ಗಿಷ್ಟಿಕೆಯೊಂದನ್ನು ಮಾಡಿ 1744ರಲ್ಲಿ ಅದರ ಬಗ್ಗೆ ಒಂದು ಪುಸ್ತಿಕೆ ಅಚ್ಚು ಹಾಕಿಸಿದ. ತೆರೆದ ಬೆಂಕಿಗೆ ಮುಖ ಸುಡುತ್ತದೆ, ಬೆನ್ನಿಗೆ ಸಂದುಗಳಿಂದ ತಣ್ಣನೆ ಗಾಳಿ ಬಡಿಯುತ್ತದೆ, ಹೆಚ್ಚು ಹೊತ್ತು ಮನೆಯೊಳಗೇ ಕೂರುವ ಹೆಂಗಸರಿಗೆ ಇದರಿಂದ ನೆಗಡಿ ಶೀತಗಳು ಅಂಟಿಕೊಳ್ಳುತ್ತವೆ ಎಂಬುದು ಅವನ ವಾದದ ಒಂದು ಭಾಗ. ಆಮೇಲೆ ಆ ದೇಶದಲ್ಲಿ ಮುಚ್ಚಿದ ಒಲೆಗಳು ಮನೆಮನೆಗೆ ಬಂದವು. ಬೆಂಕಿಯ ಮುಖ ಕಾಣದಂತಾಯಿತು ಎಂದು ಕೊರಗಿ 1843ರಲ್ಲಿ ಹಾಥಾರ್ನ್ ಎಂಬ ಸಾಹಿತಿ ಒಂದು ಪ್ರಬಂಧವನ್ನೇ ಬರೆದ. ಅದರ ವಿಷಯ ತಿಳಿದಾಗ ನನಗೆ ಅಜ್ಜಯ್ಯನೇ ಇಂಗ್ಲಿಷಿನಲ್ಲಿ ಬರೆದಂತೆ ಅನ್ನಿಸಿತು.

ಇನ್ನೊಂದು ಸಂಗತಿ. ದೊಡ್ಡ ಕಛೇರಿಗಳಲ್ಲಿ ಏ.ಸಿ. ಎಷ್ಟಿರಬೇಕೆಂಬ ಲೆಕ್ಕವನ್ನು 1960ರ ದಶಕದಲ್ಲಿ ಹಾಕಿದಾಗ ಎದುರಿಗಿಟ್ಟುಕೊಂಡದ್ದು ನಲವತ್ತು ವರ್ಷದ, ಎಪ್ಪತ್ತು ಕಿಲೋ ತೂಕದ ಗಂಡಸೊಬ್ಬನ ಮೈಯನ್ನಂತೆ. 2015ರಲ್ಲಿ ನೆದರ್ಲೆಂಡ್ಸಿನ ಇಬ್ಬರು ವಿಜ್ಞಾನಿಗಳು ಹದಿನಾರು ಯುವತಿಯರನ್ನು ಪರೀಕ್ಷಿಸಿ, ಕೂತು ಕೆಲಸ ಮಾಡುವಾಗ ಅವರ ಮೈಯಲ್ಲಿ ಹುಟ್ಟುವ ಶಾಖ ಆ ಲೆಕ್ಕಕ್ಕಿಂತ ಕಡಿಮೆ ಎಂದು ತೋರಿಸಿದರು. ಹದಿನಾರೇ ಜನ, ಅದೂ ಯುವತಿಯರು. ಐವತ್ತು ದಾಟಿದ ನನ್ನಂಥವರ ಮಾತು ಅದರಲ್ಲಿಲ್ಲ. ಆದರೂ ನಾನು ಇದನ್ನು ಇವರಿಗೆ ಬಹಳ ಉತ್ಸಾಹದಿಂದ ಓದಿ ಹೇಳಿದೆ.

"ಅದು ಆಫೀಸಿನ ಲೆಕ್ಕ, ಇದು ಮನೆ" ಎಂದರು ಇವರು.

ಆಗ ಮಡಿಯಜ್ಜಿಯ ಕಥೆ ಹೇಳಿದೆ. ಮೂವತ್ತು ವರ್ಷ ಸಂಸಾರ ಮಾಡಿದರೂ ಅದನ್ನು ಇವರಿಗೆ ಹೇಳಿಯೇ ಇರಲಿಲ್ಲ ಎನ್ನುವುದು ಹೇಳುವಾಗಲೇ ಹೊಳೆಯಿತು. ಇವರು ಸುಮ್ಮನೆ ಕೇಳಿದರು. ಸ್ವಲ್ಪ ಹೊತ್ತಾದ ಮೇಲೆ, "ನಮ್ಮಮ್ಮ ಚಳಿಗಾಲದಲ್ಲಿ ಏನು ಹೊದೆಯುತ್ತಿದ್ದಳು ಅಂತ ನೆನಪೇ ಆಗ್ತಾ ಇಲ್ಲ" ಎಂದರು. ಅಪ್ಪನ ಬಿನ್ನಿ ಮಿಲ್ಲಿನ ಕಂಬಳಿ ನೆನಪಿದೆಯಂತೆ, ಅದರ ಅಂಚಿನ ಪಟ್ಟೆಯ ಬಣ್ಣ ಸಹ. ಅಮ್ಮನದು ಇಲ್ಲ.

ಎದ್ದು ಹೋಗಿ ಫ್ಯಾನನ್ನು ಎರಡಕ್ಕೆ ಇಳಿಸಿ ಬಂದು ಮಲಗಿದರು. ನಡುರಾತ್ರಿ ಎಚ್ಚರವಾದಾಗ ನೋಡಿದರೆ ಮೂರರಲ್ಲಿ ತಿರುಗುತ್ತಿತ್ತು. ನಾನು ಕಾಲುಚೀಲ ಮೇಲಕ್ಕೆಳೆದುಕೊಂಡು ಮಗ್ಗುಲು ಬದಲಿಸಿದೆ.