ಆಕಾಶದಲ್ಲೊಂದು ಪರವೂರ ಸಂಸಾರ

ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನವೊಂದನ್ನು ಬರೆದುಕೊಡಬೇಕೆಂದು ನಮ್ಮ ಸಂಪಾದಕ ಮಿತ್ರರ ಅಪ್ಪಣೆಯಾಯಿತು. ಅಪ್ಪಣೆಯೇನೋ ಸುಲಭ, ಆದರೆ ಕದಂಬರು, ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು, ವಿಜಯನಗರದ ಅರಸರು—ಇವರೆಲ್ಲರನ್ನೂ ಹಿಂದಿನ ಸಂಚಿಕೆಗಳಲ್ಲಿಯೇ ನಮ್ಮ ವಿದ್ವಾಂಸರು ಹಂಚಿಕೊಂಡು ಮುಗಿಸಿಬಿಟ್ಟಿದ್ದಾರೆ. ಭೂತಕಾಲದಲ್ಲಿ ನನ್ನ ಪಾಲಿಗೆ ಗೇಣು ಜಾಗವೂ ಉಳಿದಿಲ್ಲ. ಆದಕಾರಣ ಭವಿಷ್ಯತ್ಕಾಲದ ಚರಿತ್ರೆಯನ್ನು ಬರೆಯಲು ಹೊರಟಿದ್ದೇನೆ. ಇದೆಂಥ ವಿಪರೀತವೆಂದು ಹುಬ್ಬೇರಿಸುವ ವಾಚಕರು ಸ್ವಲ್ಪ ತಾಳಬೇಕು. ಅಮೆರಿಕದವರು 1966ನೆಯ ಇಸವಿಯಲ್ಲಿ ಕಲ್ಪಿಸಿದ ಭವಿಷ್ಯವೊಂದಕ್ಕೆ ಈಗ ಅರ್ಧ ಶತಮಾನಕ್ಕೂ ಮೀರಿ ವಯಸ್ಸಾಗಿದೆ. ಅಷ್ಟು ಹಳೆಯದಾದ ಮೇಲೆ ಭವಿಷ್ಯವೂ ಚರಿತ್ರೆಯೇ ಸರಿ.

ಆ ಭವಿಷ್ಯದ ಹೆಸರು ‘ಸ್ಟಾರ್ ಟ್ರೆಕ್’. ಕನ್ನಡದಲ್ಲಿ ನಕ್ಷತ್ರಯಾತ್ರೆ ಎನ್ನೋಣ. ಇದನ್ನು ಕಲ್ಪಿಸಿದ ಜೀನ್ ರಾಡನ್‌ಬೆರಿ ಎಂಬಾತ ಯುದ್ಧಕಾಲದಲ್ಲಿ ಬಾಂಬರ್ ವಿಮಾನ ನಡೆಸಿ, ಆಮೇಲೆ ಪ್ರಯಾಣಿಕರ ವಿಮಾನ ನಡೆಸಿ, ಅದನ್ನೂ ಬಿಟ್ಟು ಲಾಸ್ ಏಂಜಲೀಸಿನ ಪೋಲೀಸು ಇಲಾಖೆ ಸೇರಿ, ಕೊನೆಗೆ ಕಥೆ ಬರೆಯಲು ಕುಳಿತವನು. ನಮ್ಮಲ್ಲಿ ಒಬ್ಬನು ಇಷ್ಟು ನೌಕರಿ ಬಿಟ್ಟರೆ ಹೆಣ್ಣು ಕೊಡುವುದಿಲ್ಲ. ಅಲ್ಲಿ ಟೆಲಿವಿಷನ್ನಿನಲ್ಲಿ ವಾರಕ್ಕೊಂದು ಗಂಟೆ ಕೊಟ್ಟರು. ಅದೂ ಸುಲಭವಾಗಿ ಅಲ್ಲ. ಮಾದರಿಗೆಂದು ತಯಾರಿಸಿದ ಮೊದಲನೆಯ ಕಥೆಯನ್ನು ಎನ್.ಬಿ.ಸಿ. ಸಂಸ್ಥೆಯವರು, ಇದರಲ್ಲಿ ಬುದ್ಧಿ ಜಾಸ್ತಿಯಾಯಿತು ಎಂದು ತಿರಸ್ಕರಿಸಿದರು. ಎರಡನೆಯದನ್ನು ತರಿಸಿ ನೋಡಿ ಒಪ್ಪಿಕೊಂಡರು. ಮೊದಲನೆಯದರಿಂದ ಎರಡನೆಯದಕ್ಕೆ ಅದೇ ಪಾತ್ರದಲ್ಲಿ ದಾಟಿಬಂದವನು ಚೂಪು ಕಿವಿಯ ಸ್ಪಾಕ್ ಒಬ್ಬನೇ.

ಕಥೆಯೆಂದರೆ ಇಷ್ಟೆ: ‘ಎಂಟರ್‌ಪ್ರೈಸ್’ ಎಂಬ ಆಕಾಶನೌಕೆ ಐದು ವರ್ಷದ ಯಾತ್ರೆಗೆ ಹೊರಟಿದೆ. ಕಿರ್ಕ್ ಎಂಬವನು ಕಪ್ತಾನ. ಅರ್ಧ ಭೂಲೋಕದವನೂ ಅರ್ಧ ವಲ್ಕನ್ ಲೋಕದವನೂ ಆದ ಸ್ಪಾಕ್ ಅವನ ಬಲಗೈ. ನಗುವುದಿಲ್ಲ, ಅಳುವುದಿಲ್ಲ, ಲೆಕ್ಕ ಮಾತ್ರ ತಪ್ಪುವುದಿಲ್ಲ. ಮಕಾಯ್ ಎಂಬ ಸಿಡುಕಿನ ಡಾಕ್ಟರ್, ಸ್ಕಾಟ್ಲೆಂಡಿನ ಎಂಜಿನಿಯರ್ ಸ್ಕಾಟಿ, ಚುಕ್ಕಾಣಿಯಲ್ಲಿ ಸುಲು, ದೂರವಾಣಿಯಲ್ಲಿ ಆಫ್ರಿಕದ ಉಹುರಾ, ಎರಡನೆಯ ವರ್ಷದಿಂದ ರಷ್ಯದ ಚೆಕಾವ್. ಎಲ್ಲರೂ ಊರು ಬಿಟ್ಟವರು, ನಮ್ಮ ಹಾಗೆ. ಪಾತ್ರಧಾರಿಗಳೂ ಹಾಗೆಯೇ. ಕಪ್ತಾನನೂ ಸ್ಕಾಟ್ಲೆಂಡಿನವನೂ ನಿಜವಾಗಿ ಕೆನಡಾದವರು. ಸ್ಪಾಕ್ ಮತ್ತು ಚೆಕಾವ್ ಆಗಿ ನಟಿಸಿದವರು ವಲಸೆ ಬಂದ ಯಹೂದಿ ದಂಪತಿಗಳ ಮಕ್ಕಳು.

1980ರ ದಶಕದಲ್ಲಿ ನಮ್ಮ ದೂರದರ್ಶನದವರೂ ಇದನ್ನು ತೋರಿಸಿದರು. ಡೊಂಬಿವಲಿಯಲ್ಲಿ ನೆರೆಮನೆಯ ಟೆಲಿವಿಷನ್ನಿನ ಮುಂದೆ ಚಾಪೆ ಹಾಸಿ ಕುಳಿತು ನೋಡಿದೆವು. ಮುಂದೆ ಎಲ್ಲ 79 ಕಂತುಗಳನ್ನೂ ಸಂಪಾದಿಸಿ ಮನೆಯಲ್ಲಿಯೇ ನೋಡಿದೆವು. ನನ್ನ ತಾಯಿಗೆ ಇಂಗ್ಲಿಷು ಬರುತ್ತಿರಲಿಲ್ಲ. ಆದ್ದರಿಂದ ಕಥೆ ಅವರಿಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತಿತ್ತು. ಈ ಲೇಖನದಲ್ಲಿ ಬರುವ ವಿಮರ್ಶೆಗಳಲ್ಲಿ ಉತ್ತಮವಾದವೆಲ್ಲ ಅವರವು.

1966ರ ಸೆಪ್ಟೆಂಬರ್ 8ರಂದು ಅಮೆರಿಕದಲ್ಲಿ ಮೊದಲು ಪ್ರಸಾರವಾದ ಕಂತು ‘ದಿ ಮ್ಯಾನ್ ಟ್ರ್ಯಾಪ್’. ಇದರಲ್ಲಿ ಒಂದು ರಾಕ್ಷಸಿ. ಮನುಷ್ಯರ ಮೈಯಲ್ಲಿರುವ ಉಪ್ಪನ್ನೆಲ್ಲ ಹೀರಿ ಕೊಲ್ಲುವುದು ಅದರ ಕಸುಬು. ‘ಒಂದು ಭರಣಿ ಉಪ್ಪಿನಕಾಯಿ ಎದುರಿಗಿಟ್ಟಿದ್ದರೆ ಇಷ್ಟು ಜನ ಸಾಯುತ್ತಿರಲಿಲ್ಲ’ ಎಂದರು ತಾಯಿ. ಈ ರಾಕ್ಷಸಿ ಬೇಕಾದ ರೂಪ ತಾಳಬಲ್ಲದು. ನೋಡುವವರ ಮನಸ್ಸಿನಲ್ಲಿ ಯಾರ ನೆನಪಿದೆಯೋ ಅವರಾಗಿ ಬರುತ್ತದೆ. ಉಹುರಾಳ ಎದುರಿಗೆ ಅದು ಕಪ್ಪು ತರುಣನಾಗಿ ಬಂದು ಸ್ವಾಹಿಲಿಯಲ್ಲಿ ಮಾತಾಡಿತು. ಅಷ್ಟು ದೂರದ ಆಕಾಶದಲ್ಲಿ ತನ್ನ ನುಡಿಯನ್ನು ಕೇಳಿದ ಆ ಹೆಣ್ಣಿನ ಮುಖ ಅರಳಿತು, ಕಾಲು ನಿಂತಲ್ಲೇ ನಿಂತಿತು. ಪುಣ್ಯಕ್ಕೆ ಕೆಲಸದ ಕರೆ ಬಂದು ಬದುಕಿಕೊಂಡಳು.

ಇದನ್ನು ನೋಡಿ ನಾನು ನಗಲಿಲ್ಲ. ಮುಂಬಯಿಗೆ ಬಂದ ಹೊಸದರಲ್ಲಿ, ದಾದರ್ ನಿಲ್ದಾಣದ ನೂಕುನುಗ್ಗಲಿನಲ್ಲಿ ಒಬ್ಬರು ನನ್ನನ್ನು ಕನ್ನಡದಲ್ಲಿ ‘ಯಾವೂರು ಸ್ವಾಮಿ?’ ಎಂದು ವಿಚಾರಿಸಿದರು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಹತ್ತು ನಿಮಿಷ ಊರಿನ ಮಾತಾಡಿ ಅವರು ಹೊರಟುಹೋದ ಮೇಲೆ ಜೇಬು ನೋಡಿಕೊಂಡರೆ ಅದೂ ಹೊರಟುಹೋಗಿತ್ತು. ಪರವೂರಿನಲ್ಲಿ ಸ್ವಂತ ಭಾಷೆಯೆಂಬುದು ಉಪ್ಪಿನ ಹಾಗೆ. ಅದರ ಹಸಿವು ಯಾರಿಗಿದೆಯೆಂದು ಕಳ್ಳನಿಗೂ ಗೊತ್ತು.

ಉಹುರಾ ಎಂಬ ಹೆಸರೂ ಸ್ವಾಹಿಲಿಯಿಂದಲೇ ಬಂದದ್ದು. ‘ಉಹುರು’ ಎಂದರೆ ಸ್ವಾತಂತ್ರ್ಯ. ಆ ಪಾತ್ರದ ನಿಷೆಲ್ ನಿಕಲ್ಸ್ ಮೊದಲ ವರ್ಷದ ಕೊನೆಗೆ ಕೆಲಸ ಬಿಡಲು ನಿಶ್ಚಯಿಸಿದ್ದಳಂತೆ. ಆಗ ಡಾಕ್ಟರ್ ಮಾರ್ಟಿನ್ ಲೂಥರ್ ಕಿಂಗ್ ಅವರು ತಾವೂ ಈ ಧಾರಾವಾಹಿಯನ್ನು ನೋಡುವವರೆಂದು ಹೇಳಿ, ಆ ಸ್ಥಾನ ಬಿಡಬಾರದೆಂದು ಒತ್ತಾಯಿಸಿದರೆಂದು ಆಕೆಯೇ ಮುಂದೆ ಹೇಳಿಕೊಂಡಿದ್ದಾಳೆ. ಆಕೆ ಬಿಡಲಿಲ್ಲ.

‘ದಿ ಎನಿಮಿ ವಿದಿನ್’ ಎಂಬ ಕಂತಿನಲ್ಲಿ ಕಪ್ತಾನನೇ ಎರಡಾಗುತ್ತಾನೆ. ಈ ನೌಕೆಯಲ್ಲಿ ಮನುಷ್ಯರನ್ನು ಕರಗಿಸಿ ಗ್ರಹದ ಮೇಲೆ ಮರಳಿ ಮೂಡಿಸುವ ಯಂತ್ರವೊಂದುಂಟು. ಇದನ್ನು ವಿಜ್ಞಾನದ ಮಹಾಕಲ್ಪನೆಯೆಂದು ಹೊಗಳುವವರಿದ್ದಾರೆ. ನಿಜಸಂಗತಿಯೆಂದರೆ ಪ್ರತಿ ವಾರವೂ ನೌಕೆ ನೆಲಕ್ಕಿಳಿಯುವುದನ್ನು ಚಿತ್ರಿಸಲು ದುಡ್ಡಿರಲಿಲ್ಲ. ಆ ಯಂತ್ರ ಕೆಟ್ಟು ಕಪ್ತಾನ ಒಬ್ಬ ಸಾಧುವೂ ಒಬ್ಬ ದುಷ್ಟನೂ ಆಗಿ ಹೊರಬರುತ್ತಾನೆ. ಕೊಂಬು ಕಟ್ಟಿದ ನಾಯಿಯೊಂದು ಅನ್ಯಲೋಕದ ಪ್ರಾಣಿಯಾಗಿ ಅಭಿನಯಿಸಿ ತಾನೂ ಎರಡಾಗುತ್ತದೆ. ಕೆಳಗೆ ಸುಲು ಚಳಿಯಲ್ಲಿ ಹೆಪ್ಪುಗಟ್ಟುತ್ತಿದ್ದಾನೆ. ನೌಕೆಯಲ್ಲಿ ಪುಟ್ಟ ದೋಣಿಯೊಂದು ಇರಬೇಕಲ್ಲ, ಅದನ್ನೇಕೆ ಕಳಿಸಲಿಲ್ಲ? ಸ್ಟುಡಿಯೋದವರು ಅದನ್ನು ಆಗಿನ್ನೂ ಕಟ್ಟಿಸಿರಲಿಲ್ಲ! ಇತ್ತ ಸಾಧುವಾದ ಕಪ್ತಾನನಿಗೆ ಯಾವ ನಿರ್ಧಾರವೂ ಕೈಗೂಡದು. ‘ಸ್ವಲ್ಪ ಗಡಸು ಇಲ್ಲದೆ ಮನೆ ನಡೆಯುವುದುಂಟೆ?’ ಎಂದು ತಾಯಿ ನನ್ನ ಕಡೆಗಲ್ಲ, ನನ್ನ ತಂದೆಯವರ ಕಡೆಗೆ ನೋಡಿದರು.

1966ರ ಡಿಸೆಂಬರಿನ ‘ಬ್ಯಾಲೆನ್ಸ್ ಆಫ್ ಟೆರರ್’ ಕಂತಿನಲ್ಲಿ ಹಾಸ್ಯವಿಲ್ಲ. ಶತ್ರುಗಳ ಮುಖ ಮೊದಲ ಬಾರಿಗೆ ಕಾಣುತ್ತದೆ. ಕಿವಿ ನೋಡಿದರೆ ಸ್ಪಾಕನ ಕಿವಿಯೇ. ತಕ್ಷಣ ಸಿಬ್ಬಂದಿಯವನೊಬ್ಬನಿಗೆ ಸ್ಪಾಕನ ಮೇಲೆ ಗುಮಾನಿ. ಕಪ್ತಾನ ಗದರುತ್ತಾನೆ, ಕಡೆಗೆ ಆ ಗುಮಾನಿಯವನ ಪ್ರಾಣ ಉಳಿಸುವವನು ಸ್ಪಾಕನೇ. ಅದೇ ಕಂತಿನಲ್ಲಿ ಪಕ್ಕದ ಕುರ್ಚಿಯಲ್ಲಿ ಸುಲು ಕುಳಿತಿದ್ದಾನೆ. ಆ ಪಾತ್ರದ ಜಾರ್ಜ್ ಟಕೈ ಅಮೆರಿಕದಲ್ಲಿಯೇ ಹುಟ್ಟಿದವನು. ಆದರೂ ಜಪಾನಿನೊಡನೆ ಯುದ್ಧವಾದಾಗ, ಶತ್ರುವಿನ ಮುಖದಂಥ ಮುಖವಿದ್ದುದೇ ಅಪರಾಧವಾಗಿ, ಎಳೆಯ ಹುಡುಗನಾಗಿದ್ದಾಗಲೇ ತಂದೆತಾಯಿಗಳೊಡನೆ ಮುಳ್ಳುತಂತಿಯ ಶಿಬಿರದಲ್ಲಿ ದಿನ ಕಳೆದವನು. ಆ ಸಂಗತಿ ತಿಳಿದ ಮೇಲೆ ಈ ಕಂತನ್ನು ಮತ್ತೊಮ್ಮೆ ನೋಡಿದೆ. ಚೂಪು ಕಿವಿ ಆಮೇಲೆ ನಗೆ ತರಿಸಲಿಲ್ಲ.

ಇನ್ನು ನಮ್ಮ ದೇಶದ ಪಾಲು. 1967ರ ಫೆಬ್ರವರಿಯ ‘ಸ್ಪೇಸ್ ಸೀಡ್’ನಲ್ಲಿ ಶತಮಾನಗಳಿಂದ ನಿದ್ರಿಸುತ್ತಿದ್ದ ವೀರನೊಬ್ಬ ಏಳುತ್ತಾನೆ, ಹೆಸರು ಖಾನ್ ನೂನಿಯನ್ ಸಿಂಗ್. ನೌಕೆಯಲ್ಲಿದ್ದ ಚರಿತ್ರಕಾರ್ತಿ ಇವನು ಉತ್ತರ ಹಿಂದೂಸ್ಥಾನದವನು, ಬಹುಶಃ ಸಿಖ್ಖನು ಎಂದು ಊಹಿಸುತ್ತಾಳೆ. ಗಡ್ಡವಿಲ್ಲ, ನಟಿಸಿದ ರಿಕಾರ್ಡೊ ಮೊಂಟಲ್ಬಾನ್ ಮೆಕ್ಸಿಕೋದವನು. ಚರಿತ್ರಕಾರ್ತಿ ಅವನನ್ನು ಪ್ರೀತಿಸಿ ನೌಕೆಯನ್ನೇ ಒಪ್ಪಿಸಲು ನೆರವಾಗುತ್ತಾಳೆ. ವಿಷಯದ ಮೇಲೆ ಅತಿಪ್ರೀತಿಯಿಟ್ಟ ಚರಿತ್ರಕಾರರಿಂದ ಎಂಥ ಅನಾಹುತವೆಂಬುದನ್ನು ನಮ್ಮ ಸಂಚಿಕೆಯ ವಿದ್ವಾಂಸರು ಗಮನಿಸಬೇಕು. ಈ ಖಾನನು 1992ರಿಂದ 1996ರವರೆಗೆ ಜಗತ್ತಿನ ಕಾಲುಭಾಗಕ್ಕಿಂತ ಹೆಚ್ಚನ್ನು ಆಳಿದನೆಂದು ಕಥೆ. ನಿಜವಾದ 1996 ಬಂದಾಗ ಜೂನ್ 1ರಂದು ದೆಹಲಿಯಲ್ಲಿ ಪ್ರಮಾಣವಚನ ಸ್ವೀಕರಿಸಿದವರು ಹಾಸನ ಜಿಲ್ಲೆಯ ಶ್ರೀ ಎಚ್. ಡಿ. ದೇವೇಗೌಡರು. ಭವಿಷ್ಯ ಹೇಳುವವರ ಲೆಕ್ಕ ಇಷ್ಟೇ. ಇನ್ನೊಂದು ತಮಾಷೆ: 1979ರಲ್ಲಿ ಇದೇ ಕಥೆ ಚಲನಚಿತ್ರವಾದಾಗ ನಮ್ಮ ಮುಂಬಯಿಯ ಪರ್ಸಿಸ್ ಖಂಬಾಟಾಳಿಗೆ ಅದರಲ್ಲಿ ಪಾತ್ರ ಸಿಕ್ಕಿತು, ತಲೆ ಬೋಳಿಸಿ ಅನ್ಯಲೋಕದವಳನ್ನಾಗಿ ಮಾಡಿದರು. ಮೆಕ್ಸಿಕೋದವನು ಹಿಂದೂಸ್ಥಾನದವನಾದ, ಹಿಂದೂಸ್ಥಾನದವಳು ಭೂಮಿಗೇ ಹೊರಗಾದಳು.

‘ದಿ ಡೆವಿಲ್ ಇನ್ ದಿ ಡಾರ್ಕ್’ನಲ್ಲಿ ಗಣಿಯ ಕೆಲಸಗಾರರನ್ನು ಯಾವುದೋ ಪಿಶಾಚಿ ಸುಟ್ಟು ಕೊಲ್ಲುತ್ತಿದೆ. ನೋಡಲು ಬೆಂದ ಕಲ್ಲಿನ ಮೇಲೆ ರತ್ನಗಂಬಳಿ ಹೊದಿಸಿದಂತಿದೆ. ವಿಚಾರಿಸಿದರೆ ಅದೊಂದು ತಾಯಿ; ಗಣಿಯವರು ಕೆಲಸಕ್ಕೆ ಬಾರದ ಗುಂಡುಕಲ್ಲುಗಳೆಂದು ಒಡೆದುಹಾಕುತ್ತಿದ್ದುದು ಅದರ ಮೊಟ್ಟೆಗಳನ್ನು. ಪುಣ್ಯಕೋಟಿಯೂ ಹುಲಿಯೂ ಒಂದೇ ಮೈಯಲ್ಲಿ! ತಾಯಿ ಸೆರಗಿನಿಂದ ಕಣ್ಣೊರಸಿಕೊಂಡರು. ಅವರ ಕಣ್ಣಿಗೆ ರತ್ನಗಂಬಳಿ ಕಾಣಲೇ ಇಲ್ಲ.

ಎರಡನೆಯ ವರ್ಷ, 1967ರ ಸೆಪ್ಟೆಂಬರಿನ ‘ಅಮಾಕ್ ಟೈಮ್’ ಸ್ಪಾಕನ ಮದುವೆಯ ಕಥೆ. ಏಳನೆಯ ವಯಸ್ಸಿನಲ್ಲಿಯೇ ನಿಶ್ಚಯವಾದ ಸಂಬಂಧ. ಕಾಲ ಬಂದಾಗ ಊರಿಗೆ ಹೋಗದಿದ್ದರೆ ಸ್ಪಾಕನ ಪ್ರಾಣವೇ ಹೋಗುತ್ತದೆ. ಮೇಲಧಿಕಾರಿಗಳು ಒಪ್ಪುವುದಿಲ್ಲ. ಕಪ್ತಾನ ಅವರ ಆಜ್ಞೆ ಮೀರಿ ನೌಕೆಯನ್ನೇ ಸ್ಪಾಕನ ಊರಿಗೆ ತಿರುಗಿಸುತ್ತಾನೆ. ಊರಿನ ಜಾತ್ರೆಗೆ ನಾಲ್ಕು ದಿನದ ರಜೆ ಕೇಳಿ ಬೈಸಿಕೊಂಡ ನಮ್ಮವರೆಲ್ಲ ಇಲ್ಲಿ ಕಪ್ತಾನನಿಗೆ ಕೈಮುಗಿಯಬೇಕು. ಆದರೆ ಮದುಮಗಳಿಗೆ ಬೇರೊಬ್ಬನ ಮೇಲೆ ಮನಸ್ಸು, ಮದುವೆ ಮುರಿಯುತ್ತದೆ. ‘ಏಳು ವರ್ಷಕ್ಕೆ ನಿಶ್ಚಯ ಮಾಡಿದರೆ ಇನ್ನೇನಾದೀತು?’ ಎಂದರು, ಹನ್ನೆರಡಕ್ಕೆ ನಿಶ್ಚಯವಾಗಿದ್ದ ನನ್ನ ತಾಯಿ.

ಬೆರಳುಗಳನ್ನು ಎರಡೆರಡಾಗಿ ಬಿಡಿಸಿ ಕೈಯೆತ್ತುವ ವಲ್ಕನ್ನರ ನಮಸ್ಕಾರ ಈ ಕಂತಿನಲ್ಲಿಯೇ ಹುಟ್ಟಿತು. ಸ್ಪಾಕನ ಪಾತ್ರದ ಲಿಯೊನಾರ್ಡ್ ನಿಮೋಯ್ ಬಾಲ್ಯದಲ್ಲಿ ಬಾಸ್ಟನ್ನಿನ ಯಹೂದಿ ಪ್ರಾರ್ಥನಾಮಂದಿರದಲ್ಲಿ, ಕಣ್ಣು ಮುಚ್ಚಿಕೊಂಡಿರಬೇಕಾದ ಹೊತ್ತಿನಲ್ಲಿ ಕದ್ದು ನೋಡಿದ ಪುರೋಹಿತರ ಆಶೀರ್ವಾದದ ಮುದ್ರೆ ಅದು. ವಲಸೆ ಬಂದ ಬಡವರ ಮನೆಯ ಹುಡುಗ ಪೂಜೆಯಲ್ಲಿ ಕದ್ದು ನೋಡಿದ್ದನ್ನು ಲೋಕವೆಲ್ಲ ಇಂದು ಮಾಡಿ ತೋರಿಸುತ್ತದೆ. ನಮ್ಮ ಮಕ್ಕಳು ಸಂಘದ ಪೂಜೆಯಲ್ಲಿ ಕಣ್ಣು ಬಿಟ್ಟರೆ ಇನ್ನು ಮೇಲೆ ನಾನು ಗದರುವುದಿಲ್ಲ.

ಅದೇ ವರ್ಷದ ಡಿಸೆಂಬರ್ 29ರ ‘ದಿ ಟ್ರಬಲ್ ವಿತ್ ಟ್ರಿಬಲ್ಸ್’ ಎಲ್ಲಕ್ಕಿಂತ ಜನಪ್ರಿಯವಾದ ಕಂತುಗಳಲ್ಲೊಂದು. ಟ್ರಿಬಲ್ ಎಂದರೆ ಉಣ್ಣೆಯುಂಡೆಯಂಥ ಮುದ್ದುಪ್ರಾಣಿ. ತಿನ್ನುವುದು, ಮರಿ ಹಾಕುವುದು, ಇವೆರಡೇ ಕೆಲಸ. ಒಂದು ಪ್ರಾಣಿ ಹನ್ನೆರಡು ಗಂಟೆಗೊಮ್ಮೆ ಹತ್ತು ಮರಿಯಂತೆ ಮೂರು ದಿನಗಳಲ್ಲಿ 17,71,561 ಆಗುತ್ತದೆಂದು ಸ್ಪಾಕ್ ಲೆಕ್ಕ ಹೇಳುತ್ತಾನೆ. ಉಗ್ರಾಣದ ಬಾಗಿಲು ತೆಗೆದರೆ ಧಾನ್ಯವಿಲ್ಲ. ಕಪ್ತಾನನ ತಲೆಯ ಮೇಲೆ ಟ್ರಿಬಲ್ಲುಗಳ ಅಭಿಷೇಕ. ಆ ಧಾನ್ಯ ರಷ್ಯದವರದೇ ಶೋಧನೆಯೆಂದು ಚೆಕಾವನ ವಾದ. ವಿಸ್ಕಿಯ ಮಾತು ಬಂದರೂ ಅದನ್ನು ಕಂಡುಹಿಡಿದದ್ದು ಲೆನಿನ್‌ಗ್ರಾಡಿನ ಮುದುಕಿಯೆನ್ನುತ್ತಾನೆ. ಯಾವ ತಿಂಡಿಯ ಮಾತು ಬಂದರೂ ಅದು ಉಡುಪಿಯಿಂದಲೇ ಹೊರಟದ್ದೆಂದು ಸಾಧಿಸುವ ಸದಸ್ಯರೊಬ್ಬರು ನಮ್ಮ ಸಂಘದಲ್ಲಿಯೂ ಇದ್ದಾರೆ. ಅವರಿಲ್ಲದೆ ಸಭೆಗೆ ಕಳೆಯಿಲ್ಲ. ಇದೇ ಕಂತಿನಲ್ಲಿ ಶತ್ರುಗಳು ಕಪ್ತಾನನನ್ನು ಬೈದಾಗ ಸ್ಕಾಟಿ ಸುಮ್ಮನಿರುತ್ತಾನೆ; ನೌಕೆಯನ್ನು ಬೈದಾಗ ಮಾತ್ರ ಎದ್ದು ಗುದ್ದುತ್ತಾನೆ. ಅಧ್ಯಕ್ಷರನ್ನು ಬೈಯುವುದಕ್ಕೂ ಸಂಘವನ್ನು ಬೈಯುವುದಕ್ಕೂ ಇರುವ ವ್ಯತ್ಯಾಸ ಸ್ಕಾಟಿಗೆ ತಿಳಿದಿತ್ತು.

ಇಷ್ಟಾದರೂ ನೋಡುವವರ ಲೆಕ್ಕ ಸಾಲದೆಂದು ಧಾರಾವಾಹಿ ನಿಲ್ಲುವ ಸುದ್ದಿ ಹಬ್ಬಿತು. ಆಗ ಬ್ಜೊ ಮತ್ತು ಜಾನ್ ಟ್ರಿಂಬಲ್ ಎಂಬ ದಂಪತಿಗಳು ಊರೂರಿನ ಅಭಿಮಾನಿಗಳಿಂದ ಪತ್ರ ಬರೆಯಿಸಿದರು. ಚೀಲಚೀಲ ಪತ್ರಗಳು ಬಂದವು. 1968ರ ಜನವರಿಯಲ್ಲಿ ಕ್ಯಾಲ್‌ಟೆಕ್‌ನ ವಿದ್ಯಾರ್ಥಿಗಳು ಎನ್.ಬಿ.ಸಿ. ಕಚೇರಿಗೆ ಮೆರವಣಿಗೆ ಹೋದರು. ಮಾರ್ಚ್ 1ರಂದು ಸಂಸ್ಥೆಯವರು ಪ್ರಸಾರದಲ್ಲಿಯೇ, ಧಾರಾವಾಹಿ ಮುಂದುವರಿಯುತ್ತದೆ, ಇನ್ನು ದಯಮಾಡಿ ಪತ್ರ ಬರೆಯಬೇಡಿ ಎಂದು ಪ್ರಕಟಿಸಬೇಕಾಯಿತು.

ಉಳಿಯಿತು, ಆದರೆ ಖರ್ಚು ಕಡಿತವಾಯಿತು. ತರುಣರು ಮನೆಯಲ್ಲಿರದ ಶುಕ್ರವಾರದ ರಾತ್ರಿ ಹತ್ತು ಗಂಟೆಗೆ ತಳ್ಳಿದರು. ಮೂರನೆಯ ವರ್ಷದ ಮೊದಲ ಕಂತು ‘ಸ್ಪಾಕ್ಸ್ ಬ್ರೇನ್’. ಸ್ಪಾಕನ ಮೆದುಳನ್ನೇ ಕದ್ದೊಯ್ಯುತ್ತಾರೆ; ಮಕಾಯ್ ಗುಂಡಿಯೊತ್ತಿ ಮೆದುಳಿಲ್ಲದ ಸ್ಪಾಕನನ್ನು ನಡೆಸಿಕೊಂಡು ಹುಡುಕುತ್ತಾನೆ. ಕಥೆ ಬರೆದವರು ನಮ್ಮ ಕಚೇರಿಗಳನ್ನು ನೋಡಿದ್ದರೋ ಏನೋ.

ಆದರೂ 1969ರ ಜನವರಿಯಲ್ಲಿ ‘ಲೆಟ್ ದ್ಯಾಟ್ ಬಿ ಯುವರ್ ಲಾಸ್ಟ್ ಬ್ಯಾಟಲ್‌ಫೀಲ್ಡ್’ ಬಂತು. ಇಬ್ಬರು ಬದ್ಧವೈರಿಗಳು, ಇಬ್ಬರ ಮುಖವೂ ಅರ್ಧ ಕಪ್ಪು, ಅರ್ಧ ಬಿಳುಪು. ವೈರವೇಕೆ? ಒಬ್ಬನಿಗೆ ಬಲಭಾಗ ಕಪ್ಪು, ಇನ್ನೊಬ್ಬನಿಗೆ ಎಡಭಾಗ. ಹಿಂತಿರುಗಿ ಹೋದರೆ ಅವರ ಲೋಕದಲ್ಲಿ ಎಲ್ಲರೂ ಪರಸ್ಪರ ಕಾದಾಡಿ ಸತ್ತಿದ್ದಾರೆ. ಆದರೂ ಇವರಿಬ್ಬರು ಅಲ್ಲಿಗೇ ಇಳಿದು ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಓಡುತ್ತಾರೆ. ಎರಡು ಭಾಷೆಯವರು ಒಂದೇ ನಲ್ಲಿಯ ನೀರು ಹಿಡಿಯುವ ಚಾಳಿನಲ್ಲಿ ಬಾಳಿದ ನಮಗೆ ಇದರ ವ್ಯಾಖ್ಯಾನ ಬೇಕಿಲ್ಲ.

1969ರ ಜೂನ್ 3ರಂದು ಕೊನೆಯ ಹೊಸ ಕಂತು ಪ್ರಸಾರವಾಯಿತು. ಐದು ವರ್ಷದ ಯಾತ್ರೆ ಮೂರಕ್ಕೇ ಮುಗಿಯಿತು. ಜುಲೈ 20ರಂದು ಮನುಷ್ಯರು ನಿಜವಾಗಿಯೇ ಚಂದ್ರನ ಮೇಲೆ ಇಳಿದರು. ಇನ್ನು ಏಳು ವಾರ ಕಾದಿದ್ದರೆ ಚೆನ್ನಾಗಿತ್ತು. ಮುಂದೆ ಮರುಪ್ರಸಾರಗಳಲ್ಲಿ ಅಭಿಮಾನಿಗಳು ಮೊದಲಿಗಿಂತ ಹೆಚ್ಚಾದರು. 1976ರಲ್ಲಿ ಅಮೆರಿಕದವರು ತಮ್ಮ ಮೊದಲನೆಯ ಸ್ಪೇಸ್ ಷಟಲಿಗೆ ‘ಎಂಟರ್‌ಪ್ರೈಸ್’ ಎಂದೇ ಹೆಸರಿಟ್ಟರು. ಅದಕ್ಕೂ ಪತ್ರಗಳೇ ಕಾರಣ.

ಕೊನೆಯ ಕಂತು ಮುಗಿದಾಗ ತಾಯಿ ಕೇಳಿದ್ದು ಒಂದೇ ಮಾತು: ‘ಹಾಗಾದರೆ ಅವರೆಲ್ಲ ಊರಿಗೆ ಹಿಂತಿರುಗಿದರೋ, ಇಲ್ಲವೋ?’ ಧಾರಾವಾಹಿಯಲ್ಲಿ ಅದನ್ನು ತೋರಿಸಲಿಲ್ಲವೆಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇರಲಿ, ಜೊತೆಗೆ ಜನರಿದ್ದಾರಲ್ಲ’ ಎಂದು ಒಳಗೆ ಹೋಗಿ ಅನ್ನಕ್ಕಿಟ್ಟರು.

ನಮ್ಮ ಸಂಘಕ್ಕೂ ಈಚೆಗೆ ನೋಡುವವರ ಲೆಕ್ಕ ಸಾಲದೆಂಬ ಗುಸುಗುಸು ಕೇಳಿಬರುತ್ತಿದೆ. ಸ್ಮರಣ ಸಂಚಿಕೆ ಯಾತಕ್ಕೆ, ಯಾರು ಓದುತ್ತಾರೆ ಎನ್ನುವವರೂ ಹುಟ್ಟಿಕೊಂಡಿದ್ದಾರೆ. ವಾಚಕ ಮಹಾಶಯರು ಒಂದು ಉಪಕಾರ ಮಾಡಬೇಕು. ಮನೆಯಲ್ಲಿ ಕನ್ನಡ ಓದಬಲ್ಲವರೊಬ್ಬರಿದ್ದರೂ ಸಂಪಾದಕರಿಗೊಂದು ಪತ್ರ ಬರೆಯಿರಿ. ಮಕ್ಕಳ ಕೈಯಲ್ಲಿ ಬರೆಯಿಸಿದರೆ ಮತ್ತೂ ಸಂತೋಷ, ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ. ಇನ್ನು ದಯಮಾಡಿ ಪತ್ರ ಬರೆಯಬೇಡಿ ಎಂದು ಮುಂದಿನ ನವೆಂಬರಿನಲ್ಲಿ ಅವರೇ ವೇದಿಕೆಯಿಂದ ಪ್ರಕಟಿಸುವಷ್ಟು ಬರೆಯಿರಿ.